ಯಂತ್ರದ ಜೀರ್ಣೋದ್ಧಾರ



ಹಳೆಯ ಮನೆಯ ಮಾಡನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸಿಕೊಳ್ಳುವ ವಿಷಯವಾಗಿ ಕಳೆದ ತಿಂಗಳು ಈ ಪುಟದಲ್ಲಿ ನಾಲ್ಕು ಮಾತು ಬರೆದಿದ್ದೆನು. ಅದನ್ನೋದಿದ ಗೃಹಸ್ಥರೊಬ್ಬರು, ತೋಟದ ಫಸಲನ್ನು ಸಾಗಿಸಲು ತಾವಿಟ್ಟುಕೊಂಡಿರುವ ಹಳೆಯ ಡೀಸೆಲ್ ಪಿಕಪ್ ಗಾಡಿಯನ್ನು ಕುರಿತೂ ಹಾಗೆಯೇ ಏನಾದರೂ ಹೇಳಬಾರದೆ ಎಂದು ಕೇಳಿರುವರು. ಸಂಸ್ಕೃತ ಪಾಠ ಹೇಳಿಕೊಂಡಿದ್ದ ಉಪಾಧ್ಯಾಯನಿಗೂ ಡೀಸೆಲ್ ಎಂಜಿನಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಆದರೆ ನಮ್ಮ ಬಂಧುಗಳಲ್ಲಿ ಇಂತಹ ಗಾಡಿಯಿಲ್ಲದ ಮನೆಗಳು ಕಡಮೆ. ಅದು ಕೆಟ್ಟು ನಿಂತ ದಿನ ಆ ಮನೆಗಳಲ್ಲಿ ಹುಟ್ಟುವ ಕಳವಳವನ್ನು ನಾನು ಹತ್ತಿರದಿಂದ ಕಂಡವನು. ಅಲ್ಲದೆ, ಡೀಸೆಲ್ ಪಂಪುಗಳನ್ನು ತಿದ್ದುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬನು ಬಿಡುವಾದಾಗಲೆಲ್ಲ ನನಗೆ ಈ ವಿದ್ಯೆಯ ಪಾಠ ಹೇಳಿರುವನು. ಗುರುವು ಶಿಷ್ಯನಿಂದ ಕಲಿಯುವುದರಲ್ಲಿ ಅವಮಾನವೇನೂ ಇಲ್ಲವಷ್ಟೆ.

ಜೀರ್ಣೋದ್ಧಾರವೆಂಬ ಮಾತು ದೇವಸ್ಥಾನಗಳ ಸಂಬಂಧದಿಂದ ನಮಗೆಲ್ಲ ಪರಿಚಿತವಾದುದು. ಜೀರ್ಣವೆಂದರೆ ಸವೆದುದು, ಮುಪ್ಪಡರಿದುದು, ಉದ್ಧಾರವೆಂದರೆ ಮೇಲಕ್ಕೆತ್ತುವುದು. ಒಡೆದು ಹಾಕುವುದೆಂಬ ಅರ್ಥ ಈ ಪದದಲ್ಲಿ ಎಲ್ಲಿಯೂ ಇಲ್ಲ. ಬಲ್ಲ ಶಿಲ್ಪಿಯು ಹಳೆಯ ಗುಡಿಗೆ ಬಂದಾಗ ಮೊದಲು ಕೈಗೆ ತೆಗೆದುಕೊಳ್ಳುವುದು ಸುತ್ತಿಗೆಯನ್ನಲ್ಲ, ಅಳತೆಯ ಕೋಲನ್ನು. ಯಾವ ಕಲ್ಲು ಗಟ್ಟಿಯಾಗಿದೆ, ಯಾವುದು ಬಿರಿದಿದೆ, ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ತಿಳಿದುಕೊಂಡು, ಗಟ್ಟಿಯಾದುದನ್ನು ಅದರ ಸ್ಥಳದಲ್ಲಿಯೇ ಉಳಿಸಿ, ಕೆಟ್ಟುದನ್ನು ಮಾತ್ರ ಬದಲಾಯಿಸುವನು. ಹಳೆಯ ಎಂಜಿನಿಗೂ ಈ ಕ್ರಮವೇ ಸರಿಯಾದುದು. ಪರೀಕ್ಷೆ ಮೊದಲು, ಬಿಚ್ಚುವುದು ಆಮೇಲೆ. ನಾನು ಈ ತಿಂಗಳು ಹೇಳಬೇಕೆಂದಿರುವುದರ ಸಾರ ಇಷ್ಟೇ ಆದರೂ, ಅದರ ಕಾರಣಗಳನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ.

ನಾನು ಹೇಳುತ್ತಿರುವುದು ಇಂದಿನ ಗಾಡಿಗಳಲ್ಲಿರುವ ಎಲೆಕ್ಟ್ರಾನಿಕ್ ಹಿಡಿತಕ್ಕೆ ಒಳಪಡದ, ಹಿಂದಿನ ತಲೆಮಾರಿನ ಎಂಜಿನನ್ನು ಕುರಿತು. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಈಗಲೂ ಕಾಣಸಿಗುವ ಹಳೆಯ ಮಹೀಂದ್ರ ಪಿಕಪ್ಪುಗಳಲ್ಲಿರುವ, ನಾಲ್ಕು ಸಿಲಿಂಡರುಗಳ, ೨೫೨೩ ಘನ ಸೆಂಟಿಮೀಟರಿನ ಎಂಜಿನು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಧರ್ಮವನ್ನು ತಿಳಿಯುವುದು ಕಷ್ಟವಲ್ಲ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳೂ ಬಲ್ಲರು. ಗಾಳಿಯನ್ನು ಅದುಮಿದರೆ ಅದು ಕಾಯುವುದು. ಡೀಸೆಲ್ ಎಂಜಿನಿನಲ್ಲಿ ಪಿಸ್ಟನ್ನು ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುವುದರಿಂದ ಅದರ ಶಾಖವು ೫೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುವುದು. ಪೆಟ್ರೋಲ್ ಎಂಜಿನಿನಲ್ಲಿರುವಂತೆ ವಿದ್ಯುತ್ತಿನ ಕಿಡಿ ಇಲ್ಲಿ ಬೇಕಾಗಿಲ್ಲ. ಆದಕಾರಣ ಈ ಯಂತ್ರಕ್ಕೆ ಅತ್ಯಗತ್ಯವಾದುವು ಮೂರೇ: ಧಾರಾಳವಾದ ಗಾಳಿ, ಸೋರದ ಒತ್ತಡ, ಸರಿಯಾದ ಕ್ಷಣದಲ್ಲಿ ಸರಿಯಾದ ಪ್ರಮಾಣದ ಸಿಂಪಡಣೆ. ಈ ಮೂರೂ ನೆಟ್ಟಗಿರುವಾಗ ಯಂತ್ರಕ್ಕೆ ಎಷ್ಟು ವಯಸ್ಸಾದರೇನು, ಅದು ನಡೆದೇ ನಡೆಯುವುದು.

ಈ ಉಪಾಯವನ್ನು ಕಂಡುಹಿಡಿದ ರೂಡಾಲ್ಫ್ ಡೀಸೆಲನು ೧೮೫೮ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಜರ್ಮನ್ ಇಂಜಿನಿಯರು. ೧೮೯೭ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಅವನ ಎಂಜಿನನ್ನು ಪರೀಕ್ಷಿಸಿದಾಗ, ಎಣ್ಣೆಯಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ ೨೬ ಪಾಲು ಕೆಲಸಕ್ಕೆ ಒದಗಿತು. ಅಂದಿನ ಆವಿಯ ಯಂತ್ರಗಳಿಗೆ ಅದು ಎಟುಕದ ಸಂಗತಿ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂತಹ ಒಂದು ಎಂಜಿನು ನಮ್ಮ ಕಡಲೇಕಾಯಿ ಎಣ್ಣೆಯಿಂದಲೇ ನಡೆಯಿತು. ಜರ್ಮನಿಯ ಬಾಷ್ ಕಂಪೆನಿಯವರು ೧೯೨೭ರಲ್ಲಿ ಎಣ್ಣೆ ಚಿಮ್ಮಿಸುವ ಪಂಪನ್ನು ಹೇರಳವಾಗಿ ತಯಾರಿಸಲಾರಂಭಿಸಿದ ಮೇಲೆ ಡೀಸೆಲು ಲಾರಿಗಳಿಗೆ ಹೊಂದಿಕೊಂಡಿತು. ಆ ವಿದ್ಯೆ ನಮ್ಮ ನಾಡಿಗೂ ಬಂದಿತು. ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಎಂಬ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಈ ಪಂಪುಗಳನ್ನು ತಯಾರಿಸಿತು. ೨೦೦೮ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಎಂದು ಬದಲಾದರೂ ಹಳಬರ ಬಾಯಲ್ಲಿ ಅದು ಮೈಕೋ ಪಂಪಾಗಿಯೇ ಉಳಿದಿದೆ.

ಆ ಪಂಪಿನ ಸೂಕ್ಷ್ಮತೆಯನ್ನು ಗೃಹಸ್ಥರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಅದರೊಳಗೆ ಉಕ್ಕಿನ ಕಡ್ಡಿಯೊಂದು ಉಕ್ಕಿನ ಕೊಳವೆಯಲ್ಲಿ ಮೇಲೆ ಕೆಳಗೆ ಆಡುತ್ತಿರುವುದು. ಅವೆರಡರ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ನಮ್ಮ ತಲೆಗೂದಲಿನ ದಪ್ಪ ಅದೇ ಲೆಕ್ಕದಲ್ಲಿ ಸುಮಾರು ಎಪ್ಪತ್ತು ಪಾಲು. ಹೀಗಿರುವಾಗ ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಕಲ್ಲುಬಂಡೆಯೇ ಸರಿ. ಆದುದರಿಂದ ಡೀಸೆಲ್ ಎಂಜಿನಿನ ದೀರ್ಘಾಯುಷ್ಯದ ಮೂಲ ಶುಚಿತ್ವ. ಗಾಳಿ, ಡೀಸೆಲ್, ಎಂಜಿನ್ ಆಯಿಲ್, ನೀರು ಎಂಬ ಈ ನಾಲ್ಕೂ ಶುದ್ಧವಾಗಿರಬೇಕು.

ಮೊದಲನೆಯದು ಗಾಳಿ. ಬೇಸಗೆಯಲ್ಲಿ ನಮ್ಮ ಮಣ್ಣಿನ ರಸ್ತೆಗಳ ಕೆಂಧೂಳು ಏರ್ ಫಿಲ್ಟರಿನಲ್ಲಿ ತುಂಬಿಕೊಂಡರೆ ಎಂಜಿನು ಉಸಿರುಗಟ್ಟಿ ಕಪ್ಪು ಹೊಗೆಯುಗುಳುವುದು. ಕಾಗದದ ಫಿಲ್ಟರನ್ನು ತೊಳೆಯುವುದು ತರವಲ್ಲ, ಕೆಟ್ಟರೆ ಬದಲಾಯಿಸಬೇಕು. ಫಿಲ್ಟರಿನಿಂದ ಎಂಜಿನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರಂತೂ ಸೋಸದ ಧೂಳು ನೇರವಾಗಿ ಒಳಹೊಕ್ಕು ಪಿಸ್ಟನ್ನಿನ ರಿಂಗುಗಳನ್ನು ಉಪ್ಪುಕಾಗದದಂತೆ ಉಜ್ಜಿಹಾಕುವುದು.

ಎರಡನೆಯದು ಡೀಸೆಲು. ಟ್ಯಾಂಕು ಬಹುಪಾಲು ಖಾಲಿಯಾಗಿ ರಾತ್ರಿಯೆಲ್ಲ ನಿಂತರೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುವುದು. ಫಿಲ್ಟರಿನ ತಳದಲ್ಲಿರುವ ತಿರುಪನ್ನು ಆಗಾಗ ಸಡಿಲಿಸಿ ಆ ನೀರನ್ನು ಬಸಿಯಬೇಕು. ಅಗ್ಗವೆಂದು ಸೀಮೆಎಣ್ಣೆಯನ್ನು ಬೆರೆಸುವವರುಂಟು. ಡೀಸೆಲಿನ ಜಿಡ್ಡೇ ಆ ಪಂಪಿಗೆ ಆಧಾರವಾದುದರಿಂದ, ಸೀಮೆಎಣ್ಣೆಯಿಂದ ಉಳಿದ ಹಣಕ್ಕಿಂತ ಹೆಚ್ಚನ್ನು ಪಂಪು ನುಂಗಿಬಿಡುವುದು. ಕೊಳವೆಗಳ ಸಂದಿನಲ್ಲಿ ಗಾಳಿ ಹೊಕ್ಕರೆ ಎಂಜಿನು ಹತ್ತಿಕೊಂಡು ಕೂಡಲೇ ಆರುವುದು. ಕೈಪಂಪನ್ನು ಒತ್ತಿ ಗುಳ್ಳೆಗಳು ನಿಲ್ಲುವವರೆಗೂ ಏರ್ ತೆಗೆಯಬೇಕು. ಹೀಗೆ ಪದೇ ಪದೇ ಮಾಡಬೇಕಾಗಿ ಬಂದರೆ ಎಲ್ಲಿಯೋ ಒಂದು ವಾಷರು ಅಥವಾ ರಬ್ಬರು ಸತ್ತಿದೆಯೆಂದು ತಿಳಿಯತಕ್ಕದ್ದು.

ಮೂರನೆಯದು ಎಂಜಿನ್ ಆಯಿಲ್. ಡೀಸೆಲ್ ಎಂಜಿನಿನಲ್ಲಿ ಇದು ಬೇಗನೆ ಕಪ್ಪಾಗುವುದು ಸ್ವಾಭಾವಿಕ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸಗಳಲ್ಲಿ ಒಂದು. ಹೆದರಬೇಕಾದುದು ಎರಡಕ್ಕೆ. ಆಯಿಲು ಹಾಲಿನಂತೆ ಬೆಳ್ಳಗಾದರೆ ಅದರಲ್ಲಿ ನೀರು ಸೇರಿದೆ. ಹಾಕದೆಯೇ ಅದರ ಮಟ್ಟ ಏರಿದರೆ ನೀರೋ ಡೀಸೆಲೋ ಕೆಳಗಿಳಿಯುತ್ತಿದೆ. ಎರಡರಲ್ಲಿ ಯಾವುದನ್ನು ಕಂಡರೂ ಗಾಡಿಯನ್ನು ಓಡಿಸದೆ ನಿಲ್ಲಿಸಬೇಕು.

ನಾಲ್ಕನೆಯದು ನೀರು. ಕೊಳವೆಬಾವಿಯ ಗಡಸು ನೀರನ್ನೇ ವರ್ಷಗಟ್ಟಲೆ ಸುರಿದರೆ, ಕಾಫಿಯ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣದಂತೆಯೇ ರೇಡಿಯೇಟರಿನ ಕೊಳವೆಗಳಲ್ಲಿಯೂ ಸುಣ್ಣ ಕಟ್ಟುವುದು. ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ಶುದ್ಧ ನೀರಿನೊಡನೆ ಬೆರೆಸಿ ಹಾಕಿದರೆ ತುಕ್ಕೂ ಇಲ್ಲ, ಸುಣ್ಣವೂ ಇಲ್ಲ. ಎಂಜಿನು ಕಾಯುತ್ತಿದೆಯೆಂದು ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವುದು ನಮ್ಮಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ಅದು ರೋಗಕ್ಕೆ ಮದ್ದಲ್ಲ. ಥರ್ಮೋಸ್ಟ್ಯಾಟಿಲ್ಲದ ಎಂಜಿನು ತಕ್ಕ ಶಾಖಕ್ಕೆ ಬರುವುದೇ ನಿಧಾನವಾಗಿ, ಡೀಸೆಲು ಅರ್ಧಂಬರ್ಧ ಉರಿದು, ಸಿಲಿಂಡರುಗಳು ಬೇಗ ಸವೆಯುವುವು.

ಇನ್ನು ಪರೀಕ್ಷೆಯ ವಿಷಯ. ನಮ್ಮ ಆಯುರ್ವೇದದವರು ರೋಗಿಯನ್ನು ಅರಿಯುವುದಕ್ಕೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಹೇಳುವರು. ಇವು ಯಂತ್ರಕ್ಕೂ ಸಲ್ಲುವುವು. ದರ್ಶನದಲ್ಲಿ ಮೊದಲನೆಯದು ಹೊಗೆ. ಕಪ್ಪು ಹೊಗೆಯೆಂದರೆ ಗಾಳಿಗೆ ಮೀರಿದ ಡೀಸೆಲು. ಫಿಲ್ಟರಿನ ದೋಷವಾಗಿರಬಹುದು, ನಾಝಲಿನ ದೋಷವಾಗಿರಬಹುದು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಬಿಳಿಯ ಹೊಗೆ ಚಳಿಯ ಬೆಳಗಿನಲ್ಲಿ ಕ್ಷಣಕಾಲ ಬಂದರೆ ಚಿಂತೆಯಿಲ್ಲ. ಎಂಜಿನು ಕಾದ ಮೇಲೂ ನಿಲ್ಲದಿದ್ದರೆ ಡೀಸೆಲು ಉರಿಯದೆ ಹೋಗುತ್ತಿದೆ, ಇಲ್ಲವೆ ನೀರು ಒಳಸೇರುತ್ತಿದೆ. ಸ್ಪರ್ಶನವೆಂದರೆ ಅಳತೆಯ ಉಪಕರಣಗಳಿಂದ ಒತ್ತಡವನ್ನೂ ಸಂದುಗಳನ್ನೂ ನೋಡುವುದು. ಪ್ರಶ್ನವೆಂದರೆ ಗಾಡಿಯ ಯಜಮಾನನನ್ನು ಕೇಳಿ ತಿಳಿಯುವುದು. ನಮ್ಮ ಅನೇಕ ಕಾರ್ಯಶಾಲೆಗಳಲ್ಲಿ ಲೋಪವಾಗಿರುವುದು ಈ ಮೂರನೆಯದೇ.

ಇದಕ್ಕೊಂದು ನಿದರ್ಶನವನ್ನು ಹೇಳುವೆನು. ತೀರ್ಥಹಳ್ಳಿಯ ಸೀಮೆಯಲ್ಲಿ ಅಡಕೆಯ ತೋಟವಿರುವ ನನ್ನ ತಂಗಿಯ ಮಗನಿಗೆ ಅವನ ತಂದೆ ಬಿಟ್ಟುಹೋದ ಪಿಕಪ್ಪೊಂದುಂಟು. ಎರಡು ವರ್ಷಗಳ ಹಿಂದೆ, ಕೊಯ್ಲಿನ ಕಾಲದಲ್ಲಿಯೇ, ಅದು ಬೆಳಿಗ್ಗೆ ಹತ್ತಿಕೊಳ್ಳಲು ಹಟಮಾಡತೊಡಗಿತು. ಏರಿನಲ್ಲಿ ಕಪ್ಪು ಹೊಗೆ. ಆಗುಂಬೆಯ ಘಾಟಿಯಲ್ಲಿ ನೀರು ಕುದಿದು ನಿಂತಿತು. ಪೇಟೆಯ ಒಂದು ಕಾರ್ಯಶಾಲೆಯವರು ಶಬ್ದವನ್ನು ಕೇಳಿದಷ್ಟಕ್ಕೇ, "ಎಂಜಿನು ಮುಗಿದಿದೆ, ಇಳಿಸಿ ಪೂರ್ತಿ ಬಿಚ್ಚಬೇಕು" ಎಂದು ದೊಡ್ಡದೊಂದು ಮೊತ್ತವನ್ನು ಹೇಳಿದರು. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಗಾಡಿಯಿಲ್ಲದಿದ್ದರೆ ಫಸಲು ಮಂಡಿಗೆ ಹೋಗುವಂತಿಲ್ಲ. ಬಾಡಿಗೆಯ ಗಾಡಿಗೆ ಕೊಟ್ಟರೆ ಲಾಭವೇ ಉಳಿಯುವಂತಿಲ್ಲ. ಹೆಂಡತಿಯ ಬಳೆಗಳನ್ನು ಅಡವಿಡುವುದೆಂದು ನಿಶ್ಚಯಿಸಿ, "ಏನು ಮಾಡಲಿ ಮಾವ?" ಎಂದು ನನ್ನನ್ನು ಕೇಳಿದನು. "ಎರಡು ದಿನ ತಡೆಯಪ್ಪ, ಬಿಚ್ಚಿಸಬೇಡ" ಎಂದು ಹೇಳಿ, ಮೇಲೆ ಹೇಳಿದ ನನ್ನ ಶಿಷ್ಯನನ್ನು ಅಲ್ಲಿಗೆ ಕಳುಹಿಸಿದೆನು.

ಅವನು ಹೋದವನೇ ಗಾಡಿಯನ್ನು ಮುಟ್ಟಲಿಲ್ಲ. ತಿಂಗಳಿಗೆ ಎಷ್ಟು ಆಯಿಲು ಹಾಕುತ್ತೀರಿ ಎಂದು ಕೇಳಿದನು. ಯಜಮಾನನಿಗೆ ನೆನಪಿಲ್ಲ. ಆದರೆ ಮನೆಯಾಕೆ ಗಾಡಿಯ ಖರ್ಚನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡುತ್ತಿದ್ದಳು. ಅದನ್ನು ತೆರೆದು ನೋಡಲಾಗಿ, ಒಮ್ಮೆ ಆಯಿಲು ಬದಲಾಯಿಸಿದರೆ ಮುಂದಿನ ಬದಲಾವಣೆಯವರೆಗೆ ಸೇರಿಸಿದುದು ಏನೂ ಇಲ್ಲವೆಂದು ತಿಳಿಯಿತು. ಡೀಸೆಲಿನ ಖರ್ಚು ಮಾತ್ರ ನಾಲ್ಕು ತಿಂಗಳಿಂದ ಏರುತ್ತ ಬಂದಿತ್ತು. ಆಯಿಲನ್ನು ಕುಡಿಯದ ಎಂಜಿನಿನ ರಿಂಗುಗಳು ಸತ್ತಿರುವ ಸಂಭವ ಕಡಮೆ. ಎಂಜಿನು ನಡೆಯುತ್ತಿರುವಾಗ ಆಯಿಲಿನ ಮುಚ್ಚಳವನ್ನು ತೆರೆದು ನೋಡಿದನು. ಸವೆದ ಎಂಜಿನಾಗಿದ್ದರೆ ಅಲ್ಲಿಂದ ಹೊಗೆ ಬುಸುಗುಟ್ಟಬೇಕಾಗಿತ್ತು, ಇಲ್ಲಿ ಅದಿರಲಿಲ್ಲ. ಬಳಿಕ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆದಾಗ ಮೂರರಲ್ಲಿ ೨೮ ಕಿಲೋವಿನ ಆಸುಪಾಸು, ಒಂದರಲ್ಲಿ ಮಾತ್ರ ೨೨. ಆ ಒಂದರ ವಾಲ್ವಿಗೆ ಇರಬೇಕಾದ ಸಂದೇ ಇರಲಿಲ್ಲ. ಅದು ಪೂರ್ತಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಸಂದನ್ನು ಸರಿಯಾಗಿಡಲು ಅದೂ ೨೭ಕ್ಕೆ ಏರಿತು. ನಾಝಲುಗಳನ್ನು ತೆಗೆದು ಪರೀಕ್ಷಿಸಿದರೆ ನಾಲ್ಕರಲ್ಲಿ ಎರಡು ಮಂಜಿನಂತೆ ಸಿಂಪಡಿಸುವುದನ್ನು ಬಿಟ್ಟು ಜೊಲ್ಲು ಸುರಿಸುತ್ತಿದ್ದುವು. ಏರ್ ಫಿಲ್ಟರು ಮಣ್ಣಿನ ಗೂಡಾಗಿತ್ತು. ರೇಡಿಯೇಟರಿನ ಕೊಳವೆಗಳಲ್ಲಿ ಅರ್ಧದಷ್ಟು ಸುಣ್ಣದಿಂದ ಮುಚ್ಚಿಹೋಗಿದ್ದುವು, ಫ್ಯಾನ್ ಬೆಲ್ಟು ಸಡಿಲವಾಗಿತ್ತು, ಥರ್ಮೋಸ್ಟ್ಯಾಟನ್ನು ಎಂದೋ ಕಿತ್ತಿದ್ದರು. ಇಷ್ಟನ್ನೂ ನೆಟ್ಟಗೆ ಮಾಡುವುದಕ್ಕೆ ಮೊದಲು ಹೇಳಿದ ಮೊತ್ತದಲ್ಲಿ ಆರರಲ್ಲೊಂದು ಪಾಲು ಹಿಡಿಯಿತು. ಬಳೆಗಳು ಪೆಟ್ಟಿಗೆಯಲ್ಲಿಯೇ ಉಳಿದುವು. ಅಂದಿನಿಂದ ಎರಡು ಕೊಯ್ಲುಗಳು ಕಳೆದಿವೆ. ಗಾಡಿ ಘಾಟಿಯನ್ನು ಹತ್ತುತ್ತಲೇ ಇದೆ.

ಆ ಕಾರ್ಯಶಾಲೆಯವರು ವಂಚಕರೆಂದು ನಾನು ಹೇಳುತ್ತಿಲ್ಲ. ಬಿಚ್ಚಿ ಜೋಡಿಸುವ ಕೆಲಸಕ್ಕೆ ನಾವು ಸಾವಿರಗಟ್ಟಲೆ ಕೊಡುತ್ತೇವೆ. ಅರ್ಧ ದಿನ ನಿಂತು ಪರೀಕ್ಷಿಸಿ, "ನಿಮ್ಮ ಎಂಜಿನಿಗೆ ಏನೂ ಆಗಿಲ್ಲ" ಎಂದು ಹೇಳಿದವನಿಗೆ ಒಂದು ಲೋಟ ಚಹಾ ಕೊಟ್ಟು ಕಳುಹಿಸುತ್ತೇವೆ. ನಾಡಿ ನೋಡಿದುದಕ್ಕೆ ದಕ್ಷಿಣೆ ಕೊಡದೆ ಔಷಧಕ್ಕೆ ಮಾತ್ರ ಬೆಲೆ ಕೊಡುವ ಮನೆಗೆ ಔಷಧವೇ ಹೆಚ್ಚಾಗಿ ಬರುವುದರಲ್ಲಿ ಆಶ್ಚರ್ಯವೇನು? ಆದಕಾರಣ ಗೃಹಸ್ಥರು ಪರೀಕ್ಷೆಗೆ ಪ್ರತ್ಯೇಕವಾಗಿ ಕೂಲಿಯನ್ನು ಗೊತ್ತುಮಾಡಿಕೊಂಡು, ಸಿಲಿಂಡರುಗಳ ಒತ್ತಡದ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ ಎಂಬುದು ನನ್ನ ಮುಖ್ಯವಾದ ಸೂಚನೆ.

ಎಲ್ಲ ಎಂಜಿನುಗಳೂ ಹೀಗೆ ಸುಲಭದಲ್ಲಿ ಪಾರಾಗುವುದಿಲ್ಲವೆಂಬುದೂ ನಿಜವೇ. ನೀಲಿ ಹೊಗೆ ನಿಲ್ಲದೆ, ಆಯಿಲು ಮೇಲಿಂದಮೇಲೆ ಇಳಿದು, ಒತ್ತಡ ಎಲ್ಲ ಸಿಲಿಂಡರುಗಳಲ್ಲಿಯೂ ಕುಗ್ಗಿ, ಕಾದಾಗ ಆಯಿಲಿನ ಒತ್ತಡವೂ ಬಿದ್ದುಹೋಗುತ್ತಿದ್ದರೆ, ಆಗ ಎಂಜಿನನ್ನು ಬಿಚ್ಚಲೇಬೇಕು. ಅಲ್ಲಿಯೂ ಅಳತೆಯೇ ಪ್ರಮಾಣ. ಸಿಲಿಂಡರಿನ ಮೇಲುಭಾಗದ ಸವೆತವನ್ನೂ ಕ್ರ್ಯಾಂಕಿನ ದುಂಡುತನವನ್ನೂ ಅಳೆದ ಮೇಲೆಯೇ ಬೋರ್ ಮಾಡಿಸುವುದೋ, ಲೈನರು ಹಾಕಿಸುವುದೋ, ಬರಿಯ ರಿಂಗು ಬೇರಿಂಗುಗಳಲ್ಲಿ ಮುಗಿಸುವುದೋ ನಿರ್ಣಯವಾಗಬೇಕು. ಬಿಚ್ಚಿದ ಬೇರಿಂಗಿನ ಮುಚ್ಚಳಗಳಿಗೂ ಪುಷ್ ರಾಡುಗಳಿಗೂ ಗುರುತು ಹಾಕಿ, ಎಲ್ಲಿದ್ದುದನ್ನು ಅಲ್ಲಿಗೇ ಸೇರಿಸಬೇಕು. ಅವು ಒಂದರೊಡನೊಂದು ಸವೆದು ಹೊಂದಿಕೊಂಡಿರುವುವು. ಹೆಡ್ಡಿನ ಬೋಲ್ಟುಗಳನ್ನು ಕೈಯಂದಾಜಿನಲ್ಲಿ ಬಿಗಿಯದೆ, ಟಾರ್ಕ್ ಸ್ಪಾನರಿನಿಂದ ತಯಾರಕರು ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಬಿಗಿಯಬೇಕು. ಹಳೆಯ ಹೆಡ್ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಲಾಗದು. ಜೋಡಣೆಯಾದ ಮೇಲೆ ಗಂಟೆಗಟ್ಟಲೆ ನಿಂತಲ್ಲಿಯೇ ಓಡಿಸುವುದು ಸಲ್ಲದು. ಹೊಸ ರಿಂಗುಗಳು ಕೂರಬೇಕಾದರೆ ಮಿತವಾದ ಭಾರದಲ್ಲಿ, ವೇಗವನ್ನು ಆಗಾಗ ಬದಲಿಸುತ್ತ ನಡೆಸಬೇಕು. ಮೊದಲ ಆಯಿಲನ್ನು ಬೇಗನೆ ಬದಲಾಯಿಸಿದರೆ ಜೋಡಣೆಯಲ್ಲಿ ಉಳಿದ ಕಸವೂ ಉಕ್ಕಿನ ಪುಡಿಯೂ ಹೊರಬೀಳುವುವು.

ಮನೆಯಲ್ಲಿ ಮಕ್ಕಳಿರುವವರು ಕೆಲವು ಅಪಾಯಗಳನ್ನು ಮರೆಯಬಾರದು. ನಾಝಲಿನಿಂದ ಚಿಮ್ಮುವ ಡೀಸೆಲಿಗೆ ಕೈಯೊಡ್ಡಿದರೆ ಅದು ಸೂಜಿಯಂತೆ ಚರ್ಮವನ್ನು ಹೊಕ್ಕು ಒಳಗೆ ವಿಷವಾಗುವುದು. ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ತತ್‌ಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಬರಿಯ ಜಾಕಿನ ಮೇಲೆ ನಿಂತ ಗಾಡಿಯಡಿಗೆ ನುಸುಳಕೂಡದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ನಡೆಸಕೂಡದು. ಡೀಸೆಲಿನ ಹೊಗೆ ಮನುಷ್ಯರಲ್ಲಿ ಅರ್ಬುದ ರೋಗಕ್ಕೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನ ಶಾಖೆ ೨೦೧೨ರಲ್ಲಿ ನಿರ್ಣಯಿಸಿದೆ. ಎಂಜಿನನ್ನು ನೆಟ್ಟಗಿಡುವುದರಿಂದ ಹೊಗೆ ಕಡಮೆಯಾಗುವುದೇ ಹೊರತು ನಿರಪಾಯವಾಗುವುದಿಲ್ಲ. ಹೊಗೆಯ ಕೊಳವೆ ಅಡಿಗೆಮನೆಯ ಕಿಟಕಿಯ ಕಡೆಗೆ ತಿರುಗದಂತೆ ಗಾಡಿಯನ್ನು ನಿಲ್ಲಿಸುವುದು ಯಾರಿಗೂ ಖರ್ಚಿನ ಕೆಲಸವಲ್ಲ.

ಜೀರ್ಣೋದ್ಧಾರಕ್ಕೂ ಒಂದು ಮೇರೆಯುಂಟು. ಅಡಿಯ ಚೌಕಟ್ಟೇ ತುಕ್ಕು ಹಿಡಿದು ಕರಗಿದ್ದರೆ ಒಳ್ಳೆಯ ಎಂಜಿನಿನಿಂದ ಪ್ರಯೋಜನವಿಲ್ಲ. ಎಂಟು ವರ್ಷ ಮೀರಿದ ಸರಕು ಗಾಡಿಗಳಿಗೆ ಪ್ರತಿವರ್ಷವೂ ಎಫ್.ಸಿ. ಮಾಡಿಸಬೇಕಾಗಿರುವುದು ಸರ್ಕಾರದ ಕಾಟವೆಂದು ಗೊಣಗುವವರುಂಟು. ಬ್ರೇಕನ್ನೂ ಚೌಕಟ್ಟನ್ನೂ ವರ್ಷಕ್ಕೊಮ್ಮೆ ಪರರ ಕಣ್ಣಿನಿಂದ ನೋಡಿಸುವ ಅವಕಾಶವೆಂದು ಅದನ್ನು ಬಗೆಯುವುದು ಲೇಸು. ರಸ್ತೆಯ ಮೇಲೆ ನಮ್ಮ ಮಕ್ಕಳಂತೆಯೇ ಇತರರ ಮಕ್ಕಳೂ ಇರುವರು.

ಈ ತಿಂಗಳು ವಾಚಕರು ಮಾಡಬಹುದಾದುದು ಒಂದುಂಟು. ಎರಡು ಹಾಳೆಯ ಚಿಕ್ಕ ಪುಸ್ತಕವೊಂದನ್ನು ಗಾಡಿಗೆಂದೇ ಇಡಿರಿ. ಓಡಿದ ದೂರ, ಹಾಕಿದ ಡೀಸೆಲು, ಸೇರಿಸಿದ ಆಯಿಲು ಮತ್ತು ನೀರು, ಬದಲಾಯಿಸಿದ ಫಿಲ್ಟರು ಇವುಗಳನ್ನು ತಾರೀಖಿನೊಡನೆ ಬರೆಯಿರಿ. ಬರೆಯುವ ಕೆಲಸವನ್ನು ಮನೆಯಲ್ಲಿ ಲೆಕ್ಕವಿಡುವವರಿಗೇ ವಹಿಸಿದರೆ ಅದು ತಪ್ಪದೆ ನಡೆಯುವುದು. ಗಾಡಿ ಕೆಟ್ಟ ದಿನ ಮೇಸ್ತ್ರಿಯ ಕೈಗೆ ಮೊದಲು ಆ ಪುಸ್ತಕವನ್ನು ಕೊಡಿರಿ, ಸ್ಪಾನರನ್ನು ಅವನು ಆಮೇಲೆ ತೆಗೆಯಲಿ.

ಬರುವ ತಿಂಗಳು ಬಾವಿಯ ನೀರಿನ ಶುದ್ಧಿಯನ್ನು ಕುರಿತು ಬರೆಯಬೇಕೆಂದಿರುವೆನು.